ಕುಕ್ಕುಂದೂರಿನಲ್ಲಿ ಕೂತು ಕಥೆ ಬರೆಯುವವರಿಗೆ

ನಮ್ಮ ಕಾರ್ಕಳ ತಾಲೂಕಿನ ನಂದಳಿಕೆಯಲ್ಲಿ 1870ರಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದರು. ‘ಶ್ರೀರಾಮಾಶ್ವಮೇಧಂ’ ಬರೆದು, ತನ್ನದೆಂದು ಹೇಳಿಕೊಳ್ಳದೆ, ಯಾರೋ ಹಳೆಯ ಕವಿಯ ಕೃತಿ ಎಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದರು. 1901ರಲ್ಲಿ ಕ್ಷಯದಿಂದ ತೀರಿಕೊಂಡರು. ಆ ಕೃತಿಯ ಕವಿ ಮುದ್ದಣ ಎಂದರೆ ಇವರೇ ಎಂದು ನಾಡಿಗೆ ಗೊತ್ತಾದದ್ದು ಆಮೇಲೆ. ಆ ಸಂಕೋಚ ನಮ್ಮ ಕಡೆಯ ಹೊಸಬರಲ್ಲಿ ಇನ್ನೂ ಇದೆ. ಅದರ ಪಕ್ಕದಲ್ಲೇ, ಎರಡು ಪ್ಯಾರಾ ಬರೆಯುವಷ್ಟರಲ್ಲಿ ಫೇಸ್‌ಬುಕ್ಕಿಗೆ ಹಾಕುವ ಆತುರವೂ ಇದೆ. ಎರಡರಿಂದಲೂ ಪೆಟ್ಟು ಬೀಳುವುದು ಕಥೆಗೇ. ಆದ್ದರಿಂದ ಬರೆಯುವ ಹೊತ್ತನ್ನೂ ಹೇಳಿಕೊಳ್ಳುವ ಹೊತ್ತನ್ನೂ ಬೇರೆ ಬೇರೆ ಇಟ್ಟುಕೊಳ್ಳಿ.

ಹಂತ 1: ಹೊತ್ತು ಗೊತ್ತುಮಾಡಿ

ಜೋಡುರಸ್ತೆಯಲ್ಲಿ ಬಸ್ಸು ಹಿಡಿದು ಉಡುಪಿ, ಮಣಿಪಾಲಕ್ಕೆ ಕೆಲಸಕ್ಕೆ ಹೋಗಿಬರುವವರಿಗೆ ಇಡೀ ದಿನ ಸಿಗುವುದಿಲ್ಲ. ಬೆಳಗ್ಗೆ ಮುಕ್ಕಾಲು ಗಂಟೆ ಸಾಕು, ಆದರೆ ದಿನಾ ಅದೇ ಹೊತ್ತಿಗೆ ಕೂರಬೇಕು. ಕಾಂತಾವರದ ನಾ. ಮೊಗಸಾಲೆಯವರು ಹಳ್ಳಿಯ ವೈದ್ಯವೃತ್ತಿಯ ನಡುವೆಯೇ ಕಥೆ, ಕಾದಂಬರಿ ಬರೆದರು. 1976ರಲ್ಲಿ ಕನ್ನಡ ಸಂಘವನ್ನೂ ಕಟ್ಟಿದರು. ಕೋಲ, ನೇಮ, ಆಟಗಳ ತಿಂಗಳುಗಳಲ್ಲಿ ಸಣ್ಣ ಕಥೆಗೆ ಕೈಹಾಕಿ. ಪತ್ತನಾಜೆ ಕಳೆದು, ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಬರುವ ಮಳೆಗಾಲ ದೊಡ್ಡ ಕೆಲಸಕ್ಕೆ ಒಳ್ಳೆಯದು.

ಹಂತ 2: ಒಂದೇ ಕಥೆ, ಕೊನೆಯವರೆಗೆ

ಫೋನ್ ಬೇರೆ ಕೋಣೆಯಲ್ಲಿರಲಿ. ಮೊದಲ ಕರಡನ್ನು ಪುಸ್ತಕದಲ್ಲಿ ಪೆನ್ನು ಹಿಡಿದೇ ಬರೆಯಿರಿ. ನಡುವೆ ಇನ್ನೊಂದು ಕಥೆಯ ಎಳೆ ಹೊಳೆದರೆ ಕೊನೆಯ ಹಾಳೆಯಲ್ಲಿ ಒಂದು ಸಾಲು ಗುರುತುಮಾಡಿ, ತಕ್ಷಣ ಹಳೆಯದಕ್ಕೇ ಮರಳಿ. ಮುಂದಿನ ವಾಕ್ಯ ಏನೆಂದು ಗೊತ್ತಿರುವಾಗಲೇ ಆ ದಿನದ ಕೆಲಸ ನಿಲ್ಲಿಸಿ. ಮರುದಿನ ಕೂತ ಕೂಡಲೇ ಕೈ ಓಡುತ್ತದೆ. ಕರಡು ಮುಗಿಯುವ ತನಕ ಯಾರಿಗೂ ಕಥೆ ಹೇಳಬೇಡಿ. ಬಾಯಲ್ಲಿ ಹೇಳಿ ಮುಗಿಸಿದ ಕಥೆಯನ್ನು ಬರೆಯುವ ಹುಮ್ಮಸ್ಸು ಅರ್ಧ ಇಳಿದಿರುತ್ತದೆ.

ಹಂತ 3: ಒಬ್ಬರಿಗೆ ಗಟ್ಟಿಯಾಗಿ ಓದಿ

“ಹೇಗಿದೆ?” ಎಂದು ಕೇಳಿದರೆ “ಚೆಂದ ಉಂಟು” ಎಂಬ ಉತ್ತರವೇ ಬರುತ್ತದೆ. “ಎಲ್ಲಿ ಬೇಜಾರು ಬಂತು?” ಎಂದು ಕೇಳಿ.

ಹಂತ 4: ಪತ್ರಿಕೆಗೆ ಕಳಿಸಿ

ಹೆಚ್ಚಿನವರು ಎಡವುವುದು ಇಲ್ಲೇ. ‘ತರಂಗ’, ‘ತುಷಾರ’ ನಮ್ಮ ಮಣಿಪಾಲದಿಂದಲೇ ಬರುತ್ತವೆ. ‘ಸುಧಾ’, ‘ಮಯೂರ’ ಬೆಂಗಳೂರಿನವು. ಕಳಿಸುವ ಮೊದಲು ಆ ಪತ್ರಿಕೆಯ ಕೆಲವು ಸಂಚಿಕೆ ಓದಿ, ಎಷ್ಟು ಉದ್ದದ ಕಥೆ ಹಾಕುತ್ತಾರೆಂದು ನೋಡಿಕೊಳ್ಳಿ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಜತೆಗಿಡುವ ಪತ್ರ ಇಷ್ಟೇ ಸಾಕು: “ಮಾನ್ಯ ಸಂಪಾದಕರೇ, ‘ಅಡವು’ ಎಂಬ ಸಣ್ಣಕಥೆ ಲಗತ್ತಿಸಿದ್ದೇನೆ. ಇದು ನನ್ನ ಸ್ವಂತ, ಅಪ್ರಕಟಿತ ಕಥೆ, ಬೇರೆಲ್ಲಿಗೂ ಕಳಿಸಿಲ್ಲ.” ಕೆಳಗೆ ಹೆಸರು, ವಿಳಾಸ, ಫೋನ್ ನಂಬರ್. ನಿಮ್ಮ ಕಥೆಯ ಗುಣಗಾನ ಅಲ್ಲಿ ಬೇಡ.

ಒಂದು ಕಥೆ ಒಂದೇ ಕಡೆ ಇರಬೇಕು. ತಿಂಗಳುಗಟ್ಟಲೆ ಉತ್ತರ ಬಾರದಿದ್ದರೆ ಒಮ್ಮೆ ವಿಚಾರಿಸಿ, ವಾಪಸ್ ಪಡೆಯುತ್ತಿದ್ದೇನೆಂದು ತಿಳಿಸಿ, ಬೇರೆಡೆಗೆ ಕಳಿಸಿ. ಫೇಸ್‌ಬುಕ್ಕಿನಲ್ಲಿ ಪೂರ್ತಿ ಹಾಕಿದ ಕಥೆಯನ್ನು ಸಂಪಾದಕರು ಪ್ರಕಟವಾದದ್ದೆಂದೇ ಲೆಕ್ಕ ಹಿಡಿಯಬಹುದು. ‘ಪ್ರಜಾವಾಣಿ’ ದೀಪಾವಳಿ ಕಥಾಸ್ಪರ್ಧೆಯ ಪ್ರಕಟಣೆಯ ಮೇಲೂ ಕಣ್ಣಿಟ್ಟಿರಿ.

ಹಂತ 5: ಅಚ್ಚಾದ ಮೇಲೆ ಹೇಳಿಕೊಳ್ಳಿ

ಈಗ ನಾಚಿಕೆ ಬೇಡ. ‘ನನ್ನ ಕಥೆ ಬಂದಿದೆ, ಓದಿ ಪ್ರೋತ್ಸಾಹಿಸಿ’ ಎಂದರೆ ಓದುಗರಿಗೆ ಏನೂ ಸಿಕ್ಕುವುದಿಲ್ಲ. ಹೀಗೆ ಬರೆಯಿರಿ: “ಗೇರುಬೀಜ ಫ್ಯಾಕ್ಟರಿಗೆ ಹೋಗುವ ಅಮ್ಮ ಮಗಳ ಕಾಲೇಜು ಫೀಸಿಗೆ ಬಳೆ ಅಡವಿಟ್ಟ ದಿನದ ಕಥೆ. ಈ ತಿಂಗಳ ಸಂಚಿಕೆಯಲ್ಲಿದೆ.” ಒಮ್ಮೆ ಹಾಕಿದರೆ ಸಾಕು. ಓದಬಲ್ಲವರೆಂದು ಅನಿಸಿದ ಐದಾರು ಮಂದಿಗೆ ಬೇರೆಯಾಗಿ, ಹೆಸರು ಹಿಡಿದು ತಿಳಿಸಿ. ಇದಕ್ಕೆ ಭಾನುವಾರ ಸಂಜೆ ಒಂದು ಗಂಟೆ ಇಟ್ಟುಕೊಳ್ಳಿ. ಲೈಕು ಎಷ್ಟಾಯಿತೆಂದು ಬರೆಯುವ ಹೊತ್ತಿನಲ್ಲಿ ನೋಡುವ ಹಾಗಿಲ್ಲ.

ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂತು. ಮುಂದೆ ಅವರು ತಮ್ಮದೇ ಚಂದ್ರಗಿರಿ ಪ್ರಕಾಶನ ಕಟ್ಟಿದರು. ತನ್ನ ಬರಹವನ್ನು ಓದುಗರಿಗೆ ತಾನೇ ಮುಟ್ಟಿಸುವುದು ಲೇಖಕರ ಘನತೆಗೆ ಕುಂದಲ್ಲ.

ಹಂತ 6: ಪುಸ್ತಕದ ಮಾತು

ಹತ್ತು ಹನ್ನೆರಡು ಕಥೆ ಕೂಡಿದ ಮೇಲೆ ಇದನ್ನು ಯೋಚಿಸಿ. ವಸುಧೇಂದ್ರ ಅವರ ಛಂದ ಪುಸ್ತಕ ಮೊದಲ ಕಥಾಸಂಕಲನದ ಹಸ್ತಪ್ರತಿಗೆ ಬಹುಮಾನ ಕೊಟ್ಟು ಪ್ರಕಟಿಸುತ್ತ ಬಂದಿದೆ. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನದ ಯೋಜನೆ ಇದೆ. ಅರ್ಜಿ ಕರೆದಾಗ ವಯೋಮಿತಿ ನೋಡಿ ಹಾಕಿ. ದುಡ್ಡು ಕೊಟ್ಟರೆ ಅಚ್ಚು ಹಾಕಿಕೊಡುತ್ತೇವೆ ಎಂದು ಯಾರಾದರೂ ಬಂದರೆ ಎಷ್ಟು ಪ್ರತಿ, ಮಾರುವವರು ಯಾರು, ಹಕ್ಕು ಯಾರದು ಎಂಬ ಮೂರನ್ನೂ ಬರಹದಲ್ಲಿ ಕೇಳಿ. ಉತ್ತರ ತಡವರಿಸಿದರೆ ದುಡ್ಡು ಕೊಡಬೇಡಿ.