ಲವಣದ ಒಳಜೋಡಣೆ: ತೂಗಿ ತಿಳಿಯುವ ಬಗೆ

ಅಡುಗೆ ಉಪ್ಪಿನ ಹರಳಿನಲ್ಲಿ ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್ ಅಯಾನುಗಳಿವೆ. ಸೀಸಿಯಂ ಕ್ಲೋರೈಡಿನಲ್ಲಿ ಸುತ್ತಲಿರುವವು ಎಂಟು, ಸತುವಿನ ಸಲ್ಫೈಡಿನಲ್ಲಿ ನಾಲ್ಕು. ಇದನ್ನು ಊಹಿಸಲು ಪಿಯುಸಿ ವಿದ್ಯಾರ್ಥಿಗಳು ಕಲಿಯುವುದು ತ್ರಿಜ್ಯಗಳ ಅನುಪಾತದ ನಿಯಮ: ಧನ ಅಯಾನಿನ ತ್ರಿಜ್ಯವನ್ನು ಋಣ ಅಯಾನಿನ ತ್ರಿಜ್ಯದಿಂದ ಭಾಗಿಸಿ, ಉತ್ತರ 0.225ರಿಂದ 0.414ರೊಳಗಿದ್ದರೆ ನಾಲ್ಕು, 0.732ರವರೆಗೆ ಆರು, ಅದನ್ನೂ ಮೀರಿದರೆ ಎಂಟು. ನಿಯಮವೇನೋ ಚೊಕ್ಕವಾಗಿದೆ, ಆದರೆ ಅದನ್ನೇ ನಂಬಿ ಕೂರುವಂತಿಲ್ಲ. ಸಾಂದ್ರತೆ ಗೊತ್ತಿದ್ದರೆ ಹೆಚ್ಚು ಗಟ್ಟಿಯಾದ ತೀರ್ಮಾನಕ್ಕೆ ಒಂದು ಕ್ಯಾಲ್ಕುಲೇಟರ್ ಸಾಕು.

ಮೊದಲ ಹೆಜ್ಜೆ ಎಣಿಕೆ. ಹರಳಿನಲ್ಲಿ ಮತ್ತೆ ಮತ್ತೆ ಮರುಕಳಿಸುವ ಅತಿ ಚಿಕ್ಕ ಘನವೇ ಯೂನಿಟ್ ಸೆಲ್. ಉಪ್ಪಿನ ಘನದ ಎಂಟು ಮೂಲೆಗಳಲ್ಲೂ ಆರು ಮುಖಗಳ ನಡುವೆಯೂ ಕ್ಲೋರೈಡ್ ಇದೆ. ಮೂಲೆಯ ಅಯಾನು ಎಂಟು ಘನಗಳಿಗೆ ಸೇರಿದ್ದು, ಮುಖದ್ದು ಎರಡಕ್ಕೆ. ಹಾಗಾಗಿ ನಮ್ಮ ಘನದ ಪಾಲಿಗೆ 1 ಮತ್ತು 3, ಒಟ್ಟು 4. ಹನ್ನೆರಡು ಅಂಚುಗಳ ಸೋಡಿಯಂನಲ್ಲಿ ನಾಲ್ಕನೇ ಒಂದರಷ್ಟು ನಮ್ಮದು, ಜೊತೆಗೆ ಘನದ ಮಧ್ಯದ್ದೊಂದು, ಅದೂ 4. ಸೀಸಿಯಂ ಕ್ಲೋರೈಡ್ ಮಾದರಿಯಲ್ಲಿ ಒಂದೇ ಜೋಡಿ, ಸತುವಿನ ಸಲ್ಫೈಡ್ ಮಾದರಿಯಲ್ಲಿ ನಾಲ್ಕು.

ಎರಡನೆಯದು ಅಂಚಿನ ಉದ್ದ. ಎರಡು ಅಯಾನುಗಳ ತ್ರಿಜ್ಯಗಳನ್ನು ಕೂಡಿ. ಬಂದ ಮೊತ್ತವನ್ನು ಉಪ್ಪಿನ ಮಾದರಿಗೆ 2ರಿಂದ, ಸೀಸಿಯಂ ಮಾದರಿಗೆ 1.155ರಿಂದ, ಸತುವಿನ ಮಾದರಿಗೆ 2.309ರಿಂದ ಗುಣಿಸಿ. ಸೋಡಿಯಂ 1.02, ಕ್ಲೋರೈಡ್ 1.81 ಆಂಗ್‌ಸ್ಟ್ರಾಮ್; ಮೊತ್ತ 2.83, ಉಪ್ಪಿನ ಮಾದರಿಯಲ್ಲಿ ಅಂಚು 5.66. ಇನ್ನು ಜೋಡಿಗಳ ಸಂಖ್ಯೆಯನ್ನು ಸೂತ್ರತೂಕದಿಂದ (ಇಲ್ಲಿ 58.44) ಗುಣಿಸಿ, ಅಂಚಿನ ಘನ ಮತ್ತು 0.6022 (ಅವೊಗಾಡ್ರೊ ಸಂಖ್ಯೆಯಿಂದ ಬಂದದ್ದು) ಇವುಗಳ ಗುಣಲಬ್ಧದಿಂದ ಭಾಗಿಸಿದರೆ ಘನ ಸೆಂಟಿಮೀಟರಿಗೆ ಎಷ್ಟು ಗ್ರಾಂ ಎಂಬುದು ಸಿಗುತ್ತದೆ: ಉಪ್ಪಿನ ಮಾದರಿಗೆ 2.14, ಸೀಸಿಯಂ ಮಾದರಿಗೆ 2.78, ಸತುವಿನ ಮಾದರಿಗೆ 1.39. ಅಳೆದು ಕಂಡ ಸಾಂದ್ರತೆ 2.16. ಬೇರೆ ಎರಡು ಮಾದರಿಗಳು ಹತ್ತಿರಕ್ಕೂ ಬರುವುದಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಅಳೆಯುವುದಾದರೆ ಕಲ್ಲುಪ್ಪನ್ನು ಚೆನ್ನಾಗಿ ಒಣಗಿಸಿ, ಅಳತೆ ಜಾಡಿಯಲ್ಲಿ ನೀರಿನ ಬದಲು ಸೀಮೆಎಣ್ಣೆ ಬಳಸಿ. ಅದರಲ್ಲಿ ಉಪ್ಪು ಕರಗದು. ಹರಳೊಳಗೆ ಸಿಕ್ಕಿಕೊಂಡ ನೀರು, ಗಾಳಿಯಿಂದ ಉತ್ತರ ಕೊಂಚ ಕಡಿಮೆ ಬರಬಹುದು.

ನಿಯಮ ಎಡವುವುದು ಪೊಟ್ಯಾಸಿಯಂ ಕ್ಲೋರೈಡಿನಲ್ಲಿ. ಪೊಟ್ಯಾಸಿಯಂನ ತ್ರಿಜ್ಯ 1.38ನ್ನು ಕ್ಲೋರೈಡಿನ 1.81ರಿಂದ ಭಾಗಿಸಿದರೆ 0.76, ಅಂದರೆ ಎಂಟು ಇರಬೇಕು. ಎಂಟರ ಜೋಡಣೆಗೆ ಲೆಕ್ಕ ಹೇಳುವ ಸಾಂದ್ರತೆ 2.48, ಆರಕ್ಕೆ 1.91. ನಿಜವಾದದ್ದು 1.98. ಇಲ್ಲಿರುವುದು ಆರೇ. ಅಯಾನುಗಳು ಗಟ್ಟಿ ಗುಂಡುಗಳಲ್ಲ. ಎಂಟು ನೆರೆಯವರಿಂದ ಆಕರ್ಷಣೆಗೆ ಸಿಗುವ ಲಾಭವೂ ಅಲ್ಪ. ಅದನ್ನು ಅಳೆಯುವ ಮ್ಯಾಡೆಲುಂಗ್ ಸ್ಥಿರಾಂಕ ಆರರ ಜೋಡಣೆಗೆ 1.748, ಎಂಟಕ್ಕೆ 1.763. ಶೇಕಡಾ ಒಂದಕ್ಕಿಂತ ಕಡಿಮೆಯ ಈ ಅಂತರವನ್ನು ಹೆಚ್ಚುವರಿ ನೆರೆಯವರ ನಡುವಿನ ವಿಕರ್ಷಣೆ ಸುಲಭವಾಗಿ ನುಂಗಿಹಾಕುತ್ತದೆ.

ತ್ರಿಜ್ಯಗಳನ್ನೂ ಹರಳುಗಳಿಂದಲೇ ಅಳೆದದ್ದಲ್ಲವೇ, ಹಾಗಾದರೆ ಈ ಲೆಕ್ಕ ತನ್ನ ಬಾಲವನ್ನು ತಾನೇ ಹಿಡಿದಂತಾಗದೇ ಎಂದು ಯಾರಾದರೂ ಕೇಳಬಹುದು. ಆಕ್ಷೇಪಣೆಯಲ್ಲಿ ಹುರುಳಿದೆ, ಆದರೆ ಪೆಟ್ಟು ಜೋರಿಲ್ಲ. ತ್ರಿಜ್ಯಗಳ ಮೊತ್ತದಲ್ಲಿ ಶೇ 1ರಷ್ಟು ತಪ್ಪಾದರೆ ಸಾಂದ್ರತೆಯಲ್ಲಿ ಸುಮಾರು ಶೇ 3 ತಪ್ಪಾಗುತ್ತದೆ; ಆರು ಮತ್ತು ಎಂಟರ ಜೋಡಣೆಗಳ ನಡುವಿನ ಅಂತರವಾದರೋ ಶೇ 30. ತಕ್ಕಡಿಗೆ ಇತಿಹಾಸದಲ್ಲೂ ಸ್ಥಾನವಿದೆ: 1913ರಲ್ಲಿ ಬ್ರ್ಯಾಗ್ ತಂದೆ-ಮಗ ಕ್ಷ-ಕಿರಣದಿಂದ ಉಪ್ಪಿನ ರಚನೆಯನ್ನು ಬಿಡಿಸಿದಾಗ, ಪದರಗಳ ಅಂತರವನ್ನು ಲೆಕ್ಕ ಹಾಕಿದ್ದು ಅದರ ಸಾಂದ್ರತೆಯನ್ನು ಆಧರಿಸಿಯೇ. ಸೋಡಿಯಂ ಕ್ಲೋರೈಡಿನ ಬಿಡಿ ಅಣುವೇ ಹರಳಿನಲ್ಲಿಲ್ಲ ಎಂಬ ಮಾತನ್ನು ರಸಾಯನಶಾಸ್ತ್ರಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಲ್ಲೂ ಒಪ್ಪದೆ, ಅದನ್ನು ಚದುರಂಗದ ಮಣೆಯೆಂದು ಜರೆದರು. ಸಿಟ್ಟಿಗೆ ಕಾರಣವಿತ್ತು, ಆದರೆ ಆರು ನೆರೆಯವರೂ ಸಮಾನ ದೂರದಲ್ಲಿರುವಾಗ ಜೋಡಿ ಯಾವುದು ಎಂದು ಗುರುತಿಸಲು ಯಾವ ಆಧಾರವೂ ಉಳಿಯುವುದಿಲ್ಲ.

ಇನ್ನು ಸೀಸಿಯಂ ಕ್ಲೋರೈಡನ್ನು ನೀವೇ ಲೆಕ್ಕ ಹಾಕಿ ನೋಡಿ. ಸೀಸಿಯಂಗೆ 1.74 ಆಂಗ್‌ಸ್ಟ್ರಾಮ್, ಸೂತ್ರತೂಕ 168.36, ಅಳೆದ ಸಾಂದ್ರತೆ 3.99. ಇದು ಕೋಣೆಯ ಉಷ್ಣತೆಯ ಅಂಕಿ. ಸುಮಾರು 470 ಡಿಗ್ರಿ ಸೆಲ್ಸಿಯಸ್ ದಾಟಿದರೆ ಈ ಲವಣವೂ ಆರರ ಜೋಡಣೆಗೆ ಇಳಿಯುತ್ತದೆ, ಆಗ ಈ ಅಂಕಿಯನ್ನು ಬಳಸುವಂತಿಲ್ಲ.