ಮನೆಯಲ್ಲಿ ಮೇಕೆ ಸಾಕಣೆ: ಹೊಸದಾಗಿ ತೊಡಗುವವರಿಗೆ ಕೆಲವು ಸೂಚನೆಗಳು

ಕಾಫಿ, ಅಡಿಕೆ ಬೆಳೆಗಾರರ ಕೈಗೆ ಹಣ ಬರುವುದು ವರ್ಷಕ್ಕೊಮ್ಮೆ. ಖರ್ಚು ಮಾತ್ರ ಹನ್ನೆರಡು ತಿಂಗಳೂ ಇರುತ್ತದೆ. ಮಕ್ಕಳ ಶಾಲೆ, ಔಷಧಿ ಹೊಡೆಯುವ ಕೂಲಿ, ಆಸ್ಪತ್ರೆಯ ವೆಚ್ಚ ಎಲ್ಲವೂ ಮಳೆಗಾಲದಲ್ಲೇ ಒಟ್ಟಿಗೆ ಬರುವುದು ಸಣ್ಣ ಹಿಡುವಳಿದಾರರಿಗೆ ಗೊತ್ತಿರುವ ಸಂಗತಿ. ಕೊಳೆರೋಗ, ಎಲೆಚುಕ್ಕೆ ರೋಗ, ಹಳದಿ ಎಲೆ ರೋಗಗಳಿಂದ ಫಸಲು ಕುಸಿದ ಮನೆಗಳಲ್ಲಿ ಈ ಮುಗ್ಗಟ್ಟು ಇನ್ನೂ ಹೆಚ್ಚು. ಅಂಥ ಮನೆಗಳಿಗೆ ಎರಡು ಮೂರು ಮೇಕೆಗಳು ಒಳ್ಳೆಯ ಆಸರೆಯಾಗಬಲ್ಲವು. ಆದರೆ ಸಿದ್ಧತೆಯಿಲ್ಲದೆ ತೊಡಗಿದರೆ ಮೊದಲ ಮಳೆಗಾಲದಲ್ಲೇ ಹಾಕಿದ ಹಣ ಮಣ್ಣುಪಾಲಾಗುತ್ತದೆ.

ಬಯಲುಸೀಮೆಯಿಂದ ಕಲಿಯಬೇಕಾದ ಪಾಠ

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ ಖಣದ ನೇಯ್ಗೆಗೆ ಹೆಸರಾದ ಊರು. ಅದರ ಸುತ್ತಲೂ ಮರಳುಗಲ್ಲಿನ ಗುಡ್ಡಗಳು, ಜಾಲಿ, ಬೋರೆ, ಕಾರೆಯ ಪೊದೆಗಳು. ಆ ಸೀಮೆಯಲ್ಲಿ ಮೇಕೆಗೆ ಆಡು ಎನ್ನುತ್ತಾರೆ. ಅಲ್ಲಿಗೆ ಹತ್ತಿರದ ಹುನಗುಂದ ತಾಲ್ಲೂಕಿನ ಅಮೀನಗಡದ ಸಂತೆ ಕುರಿ, ಆಡುಗಳ ವ್ಯಾಪಾರಕ್ಕೆ ಪ್ರಸಿದ್ಧ. ಅಲ್ಲಿಯ ಆಡುಗಳು ಗಟ್ಟಿಮುಟ್ಟಾಗಿರುವುದಕ್ಕೆ ತಳಿಯೊಂದೇ ಕಾರಣವಲ್ಲ. ಒಣ ನೆಲ, ಒಣ ಗಾಳಿಯೂ ಕಾರಣ. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಐದಾರು ನೂರು ಮಿಲಿಮೀಟರು. ನಮ್ಮ ಮಲೆನಾಡಿನ ಅನೇಕ ತೋಟಗಳಲ್ಲಿ ಜುಲೈ ಒಂದೇ ತಿಂಗಳಲ್ಲಿ ಅಷ್ಟು ಮಳೆ ಸುರಿಯುತ್ತದೆ.

ಮೇಕೆಗೆ ಚಳಿಗಿಂತ ತೇವವೇ ದೊಡ್ಡ ಶತ್ರು. ಒದ್ದೆ ನೆಲದಿಂದ ಗೊರಸು ಕೊಳೆಯುತ್ತದೆ, ಮೈ ನೆನೆದರೆ ಶ್ವಾಸಕೋಶಕ್ಕೆ ಶೀತ ಹಿಡಿಯುತ್ತದೆ, ಒದ್ದೆ ಹುಲ್ಲಿನಿಂದ ಜಂತುಹುಳು ಹೊಟ್ಟೆ ಸೇರುತ್ತದೆ. ಆದ್ದರಿಂದ ಗುಳೇದಗುಡ್ಡದ ಆಡನ್ನು ಇಲ್ಲಿಗೆ ತರುವ ಮೊದಲು, ಅಲ್ಲಿಯ ಒಣ ನೆಲವನ್ನು ನಮ್ಮ ಕೊಟ್ಟಿಗೆಯೊಳಗೆ ಸಿದ್ಧಪಡಿಸಿಕೊಳ್ಳಬೇಕು. ಮೊದಲು ಕೊಟ್ಟಿಗೆ, ಆಮೇಲೆ ಮೇವು, ಕೊನೆಗೆ ಮೇಕೆ. ಈ ಕ್ರಮ ತಪ್ಪಬಾರದು.

ಕೊಟ್ಟಿಗೆ

ನೆಲದಿಂದ ಮೂರು ನಾಲ್ಕು ಅಡಿ ಎತ್ತರದಲ್ಲಿ ಅಟ್ಟ ಕಟ್ಟಿ, ಅದರ ಮೇಲೆ ಮೇಕೆಗಳನ್ನು ನಿಲ್ಲಿಸುವುದು ಮಲೆನಾಡಿಗೆ ಅತ್ಯುತ್ತಮ ವಿಧಾನ. ಇದಕ್ಕೆ ಬೇಕಾದ ಸಾಮಗ್ರಿ ನಮ್ಮ ತೋಟದಲ್ಲೇ ಇದೆ. ಬಲಿತ ಅಡಿಕೆ ಮರದ ದಬ್ಬೆಗಳನ್ನು ನಯಮಾಡಿ, ಎರಡು ದಬ್ಬೆಗಳ ನಡುವೆ ಅರ್ಧದಿಂದ ಮುಕ್ಕಾಲು ಅಂಗುಲ ಸಂದು ಬಿಟ್ಟು ಹೊಡೆಯತಕ್ಕದ್ದು. ಹಿಕ್ಕೆ, ಗಂಜಲ ಕೆಳಗೆ ಬೀಳಬೇಕು. ಮೇಕೆಯ ಕಾಲು ಸಿಕ್ಕಿಕೊಳ್ಳಬಾರದು. ಎಳೆಮರಿಗಳ ಜಾಗದಲ್ಲಿ ಸಂದು ಇನ್ನೂ ಕಿರಿದಾಗಿರಲಿ.

ಬೆಳೆದ ಮೇಕೆ ಒಂದಕ್ಕೆ ಕನಿಷ್ಠ 10 ಚದರ ಅಡಿ ಸ್ಥಳ ಬೇಕು. ಮಳೆಯ ಎರಚಲು ಬೀಳುವ ದಿಕ್ಕಿಗೆ ಅಡ್ಡಗೋಡೆ ಅಥವಾ ಸೋಗೆಯ ತಟ್ಟಿ ಇರಲಿ; ಉಳಿದ ಕಡೆ ಗಾಳಿಯಾಡಲಿ. ಕೆಳಗೆ ಬಿದ್ದ ಹಿಕ್ಕೆಯನ್ನು ಆಗಾಗ ಗುಡಿಸಿ ಗೊಬ್ಬರದ ಗುಂಡಿಗೆ ಹಾಕಿದರೆ ತೋಟಕ್ಕೆ ಒಳ್ಳೆಯ ಗೊಬ್ಬರ ಸಿಗುತ್ತದೆ.

ಮೇವು

ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆ ನಮ್ಮ ಪಾಲಿಗೆ ಎಚ್ಚರಿಕೆಯ ಮಾತು. ತೋಟಕ್ಕೆ ಬಿಟ್ಟರೆ ಕಾಫಿಯ ಚಿಗುರು, ಮೆಣಸಿನ ಬಳ್ಳಿ, ಅಡಿಕೆ ಸಸಿ ಯಾವುದೂ ಉಳಿಯದು. ಆದುದರಿಂದ ಕೊಟ್ಟಿಗೆಗೇ ಮೇವು ತಂದು ಹಾಕತಕ್ಕದ್ದು. ಬೆಳೆದ ಮೇಕೆಗೆ ದಿನಕ್ಕೆ ಮೂರು ನಾಲ್ಕು ಕಿಲೋ ಹಸಿರು ಮೇವು, 200ರಿಂದ 250 ಗ್ರಾಂ ಹಿಂಡಿ ಮಿಶ್ರಣ, ಸ್ವಲ್ಪ ಖನಿಜ ಮಿಶ್ರಣ ಮತ್ತು ಶುದ್ಧವಾದ ನೀರು ಬೇಕು.

ನೆರಳು ಮರಗಳ ಮರಗಸಿಯಲ್ಲಿ ಸಿಗುವ ಹಾಲುವಾಣದ ಸೊಪ್ಪು, ಹಲಸಿನ ಸೊಪ್ಪು, ಬೇಲಿಯ ಗೊಬ್ಬರದ ಗಿಡ, ನುಗ್ಗೆ ಇವೆಲ್ಲ ಉತ್ತಮ ಮೇವು. ಸುಬಾಬುಲ್ ಸೊಪ್ಪನ್ನು ಇತರ ಮೇವಿನೊಡನೆ ಮಿತವಾಗಿ ಕೊಡಬೇಕು. ಸೊಪ್ಪನ್ನು ನೆಲಕ್ಕೆ ಹಾಕದೆ ಮೇಕೆಯ ತಲೆಯ ಎತ್ತರಕ್ಕೆ ಕಟ್ಟಿದರೆ ಪೋಲಾಗುವುದಿಲ್ಲ, ಜಂತುವಿನ ಕಾಟವೂ ಕಡಿಮೆ. ಮಳೆಗಾಲದಲ್ಲಿ ಸೊಪ್ಪನ್ನು ಬಾಡಿಸಿ ಕೊಡುವುದು ಲೇಸು. ಲಂಟಾನ ವಿಷಕಾರಿ. ಮಿಕ್ಕ ಅನ್ನ, ಹಲಸಿನ ಹಣ್ಣು ಒಮ್ಮೆಗೇ ಹೆಚ್ಚು ತಿಂದರೆ ಹೊಟ್ಟೆ ಹುಳಿತು ಮೇಕೆ ಸಾಯಲೂಬಹುದು.

ಇನ್ನೊಂದು ಅಪಾಯ ನಮ್ಮ ತೋಟಗಳಿಗೇ ವಿಶೇಷವಾದುದು. ಬೋರ್ಡೋ ದ್ರಾವಣ ಹೊಡೆದಾಗ ಮರದಡಿಯ ಹುಲ್ಲಿನ ಮೇಲೂ ಮೈಲುತುತ್ತ ಬೀಳುತ್ತದೆ. ಅದರಲ್ಲಿರುವ ತಾಮ್ರ ಪ್ರಾಣಿಯ ಪಿತ್ತಜನಕಾಂಗದಲ್ಲಿ ಸೇರುತ್ತಾ ಹೋಗುತ್ತದೆ. ಕುರಿಗೆ ಇದು ಬಹುಬೇಗ ವಿಷವಾಗುತ್ತದೆ. ಮೇಕೆ ಕುರಿಗಿಂತ ತಾಳಿಕೊಂಡರೂ ಅದಕ್ಕೆ ಅಪಾಯವಿಲ್ಲವೆಂದಲ್ಲ. ಆದುದರಿಂದ ಬೋರ್ಡೋ ಅಥವಾ ಕಳೆನಾಶಕ ಹೊಡೆದ ಜಾಗದ ಹುಲ್ಲನ್ನು ಕೊಯ್ದು ಹಾಕಲೇಬಾರದು. ಔಷಧಿ ಹೊಡೆಯದ ಬೇಲಿಯಂಚನ್ನೋ ಹಿತ್ತಲನ್ನೋ ಮೇವಿಗೆಂದು ಬೇರೆ ಇಟ್ಟುಕೊಳ್ಳಬೇಕು.

ಮೇಕೆಯ ಆಯ್ಕೆ

ಎರಡು ಅಥವಾ ಮೂರು ಹೆಣ್ಣು ಮೇಕೆಗಳಿಂದ ಆರಂಭಿಸಿರಿ. 2021ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಜಾನುವಾರು ಮಿಷನ್ನಿನ ಸಹಾಯಧನ ದೊಡ್ಡ ಘಟಕಗಳಿಗೆ ಮೀಸಲು. ಸಹಾಯಧನದ ಆಸೆಗೆ, ಅನುಭವವಿಲ್ಲದೆ ನೂರು ಮೇಕೆಗಳಿಂದ ತೊಡಗುವುದು ಜಾಣತನವಲ್ಲ.

ಒಣ ಸೀಮೆಯ ಉಸ್ಮಾನಾಬಾದಿ ತಳಿ ಅವಳಿ ಮರಿಗಳಿಗೆ ಹೆಸರಾದದ್ದು. ಕೇರಳದ ಮಲಬಾರಿ ತಳಿ ಮಳೆಯ ಹವೆಗೆ ಒಗ್ಗಿದ್ದು. ನಿಮ್ಮ ಪಕ್ಕದ ಊರಿನಲ್ಲೇ ಎರಡು ಮಳೆಗಾಲ ಕಳೆದ ಆರೋಗ್ಯವಂತ ಮೇಕೆ ಸಿಕ್ಕರೆ ಅದೇ ಎಲ್ಲಕ್ಕಿಂತ ಮೇಲು. ಎರಡು ಹಲ್ಲಾದ, ಎಂದರೆ ಸುಮಾರು ಒಂದರಿಂದ ಒಂದೂವರೆ ವರ್ಷದ ಮೇಕೆಯನ್ನು ಆರಿಸಿ. ಕೆಳರೆಪ್ಪೆ ಬಿಡಿಸಿ ನೋಡಿ; ಒಳಭಾಗ ಕೆಂಪಗಿರಬೇಕು. ಬಿಳಿಚಿದ್ದರೆ ರಕ್ತಹೀನತೆ ಇದೆ, ಹೊಟ್ಟೆಯಲ್ಲಿ ಜಂತು ಇರುವ ಸಂಭವ ಹೆಚ್ಚು. ಮೂಗು ಸುರಿಯುವ, ಬಾಲದ ಸುತ್ತ ಭೇದಿಯ ಕೊಳೆ ಅಂಟಿದ ಮೇಕೆ ಎಷ್ಟು ಅಗ್ಗವಾದರೂ ಬೇಡ.

ಹೊರಸೀಮೆಯಿಂದ ತರುವವರು ಮೇ, ಜೂನ್‌ನಲ್ಲಿ ತರಬಾರದು. ಮಳೆ ಬಿಟ್ಟ ಮೇಲೆ ನವೆಂಬರಿನಿಂದ ಫೆಬ್ರವರಿಯೊಳಗೆ ತಂದರೆ ಮುಂದಿನ ಮಳೆಗಾಲದ ಹೊತ್ತಿಗೆ ಅವು ಇಲ್ಲಿಗೆ ಒಗ್ಗಿರುತ್ತವೆ. ತಂದ ಮೇಕೆಗಳನ್ನು ಮೂರು ವಾರ ಬೇರೆಯಾಗಿ ಕಟ್ಟತಕ್ಕದ್ದು.

ರೋಗ ಮತ್ತು ಲಸಿಕೆ

ಹಿರೇಬೇನೆ ಎನ್ನುವ ಪಿ.ಪಿ.ಆರ್. ರೋಗ ನಮ್ಮ ದೇಶದಲ್ಲಿ ಮೊದಲು ಕಂಡುಬಂದದ್ದು 1987ರಲ್ಲಿ, ತಮಿಳುನಾಡಿನಲ್ಲಿ. ಜ್ವರ, ಬಾಯಿಹುಣ್ಣು, ಭೇದಿ ಇದರ ಲಕ್ಷಣಗಳು. ರೋಗ ತಗುಲಿದ ಮೇಲೆ ಉಳಿಸುವುದು ಕಷ್ಟ. ಲಸಿಕೆ ಹಾಕಿಸಿದರೆ ಸುಮಾರು ಮೂರು ವರ್ಷ ರಕ್ಷಣೆ ಇರುತ್ತದೆ. ಕರುಳುಬೇನೆಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಚುಚ್ಚುಮದ್ದು ಹಾಕಿಸಬೇಕು. ಜಂತುನಾಶಕವನ್ನು ಪಶುವೈದ್ಯರಿಂದ ಹಿಕ್ಕೆ ಪರೀಕ್ಷೆ ಮಾಡಿಸಿ, ಮೇಕೆಯ ತೂಕ ನೋಡಿ ಕೊಡತಕ್ಕದ್ದು. ತುರ್ತು ಚಿಕಿತ್ಸೆಗೆ 1962 ಸಂಖ್ಯೆಗೆ ದೂರವಾಣಿ ಮಾಡಬಹುದು.

ಸಂತಾನ

ಮೇಕೆ ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಗರ್ಭದ ಅವಧಿ 150 ದಿನ. ಕೊನೆಯ ಆರು ವಾರ ಹಿಂಡಿಯನ್ನು ಕ್ರಮೇಣ ಹೆಚ್ಚಿಸಬೇಕು. ಈದ ಒಂದು ಗಂಟೆಯೊಳಗೆ ಮರಿಗೆ ಗಿಣ್ಣುಹಾಲು ಕುಡಿಸಿ, ಹೊಕ್ಕುಳಿಗೆ ಅಯೋಡಿನ್ ಹಚ್ಚಿ. ಎರಡು ವರ್ಷಕ್ಕೆ ಮೂರು ಸೂಲು ಸಾಧ್ಯವಾದರೂ, ಹೊಸಬರು ಲೆಕ್ಕ ಹಾಕುವಾಗ ಎರಡೇ ಸೂಲು ಎಂದು ಹಿಡಿಯುವುದು ಕ್ಷೇಮ. ಮನೆಯ ಹೆಣ್ಣುಮಕ್ಕಳೇ ಸೊಪ್ಪು ತಂದು, ಕೊಟ್ಟಿಗೆ ಗುಡಿಸುವ ಮನೆಗಳಲ್ಲಿ ಮರಿ ಮಾರಿದ ಹಣವೂ ಅವರ ಕೈ ಸೇರುವುದು ನ್ಯಾಯ.

ಎರಡು ಮೂರು ಮೇಕೆಗಳಿಗಾಗಿ ಪ್ರತಿ ಮನೆಯಲ್ಲೂ ಹೋತ ಸಾಕುವುದು ದುಂದು. ನಾಲ್ಕೈದು ಮನೆಗಳು ಸೇರಿ ಒಂದು ಒಳ್ಳೆಯ ಹೋತವನ್ನು ಇಟ್ಟುಕೊಂಡು, ಅದರ ಮರಿಗಳು ಬೆದೆಗೆ ಬರುವ ಮುಂಚೆ ಅದನ್ನು ಇನ್ನೊಂದು ಗುಂಪಿನ ಹೋತದೊಡನೆ ಬದಲಾಯಿಸಿಕೊಳ್ಳಬಹುದು. ಲಸಿಕೆಯನ್ನೂ ಎಲ್ಲರೂ ಒಂದೇ ದಿನ ಹಾಕಿಸಬಹುದು. ಈ ವ್ಯವಸ್ಥೆಗೆ ಒಪ್ಪುವ ಸದಸ್ಯರು ತಮ್ಮ ಗ್ರಾಮದ ಹೆಸರು ಮತ್ತು ಮೇಕೆಗಳ ಸಂಖ್ಯೆಯನ್ನು ಸಂಘದ ಕಚೇರಿಯಲ್ಲಿ ಬರೆಸಬೇಕಾಗಿ ಕೋರಿಕೆ. ಕೊಟ್ಟಿಗೆ ಕಟ್ಟಿ ಮುಗಿಸಿದವರ ಹೆಸರನ್ನು ಮೊದಲು ಬರೆದುಕೊಳ್ಳಲಾಗುವುದು.