ಓಣಿಯಲ್ಲಿ ಗ್ಯಾಸ್ ವಾಸನೆ: ವಿಸರಣೆಯ ಪಾಠಕ್ಕೊಂದು ಸಮಸ್ಯೆ

ತರಗತಿ: 9
ಕಲಿಕಾಂಶ: ಅನಿಲಗಳ ವಿಸರಣೆ ಮತ್ತು ಸಾಂದ್ರತೆ
ಅವಧಿ: 40 ನಿಮಿಷ
ಬೋಧನೋಪಕರಣಗಳು: ಊದಿನಕಡ್ಡಿ, ಅಗಲ ಬಾಯಿಯ ಪಾತ್ರೆ, ಎರಡು ಮೇಣದಬತ್ತಿ, ಅಡುಗೆ ಸೋಡಾ, ವಿನೆಗರ್, ಸುಳಿವಿನ ಕಾರ್ಡುಗಳು

ವಿಸರಣೆಯ ಪಾಠವನ್ನು ಊದಿನಕಡ್ಡಿಯಿಂದ ಆರಂಭಿಸಿ ಅಲ್ಲಿಗೇ ಮುಗಿಸುವುದು ಬೋಧನಾಭ್ಯಾಸದಲ್ಲಿ ರೂಢಿ. ಹಿಂದಿನ ಬೆಂಚಿಗೆ ವಾಸನೆ ಮುಟ್ಟಿತು, ಆದ್ದರಿಂದ ಕಣಗಳು ಚಲಿಸುತ್ತವೆ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. ಆದರೆ ಅದೇ ಮಗು ಮನೆಯಲ್ಲಿ ಗ್ಯಾಸ್ ವಾಸನೆ ಬಂದಾಗ ಏನು ಮಾಡುತ್ತದೆ? ಗೋಕಾಕ, ಮೂಡಲಗಿ, ಹುಕ್ಕೇರಿಯ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳು ಈ ಪ್ರಶ್ನೆಯನ್ನೇ ಪಾಠದ ಕೇಂದ್ರವಾಗಿಸಬಹುದು.

ಸಮಸ್ಯೆ: "ಸಂಜೆ ಓಣಿಯ ನಾಲ್ಕು ಮನೆಗಳಲ್ಲಿ ಗ್ಯಾಸ್ ವಾಸನೆ. ಎಲ್ಲರೂ ತಮ್ಮ ಸಿಲಿಂಡರ್ ಬಂದ್ ಇದೆ ಎನ್ನುತ್ತಾರೆ. ವಾಸನೆ ಎಲ್ಲಿಂದ?"

ಹಂತ 1: ಮೊದಲು ಕ್ರಿಯೆ. ಕಾರಣ ಹುಡುಕುವ ಮೊದಲು ಪ್ರತಿ ಗುಂಪು ತಾನು ಮಾಡುವ ಮೊದಲ ಕೆಲಸವನ್ನು ಬರೆಯಲಿ. "ಲೈಟ್ ಹಾಕಿ ನೋಡುತ್ತೇವೆ", "ಕಡ್ಡಿ ಗೀರಿ ನೋಡುತ್ತೇವೆ" ಎಂಬ ಉತ್ತರ ಬಂದರೆ ಅದನ್ನು ಕಪ್ಪುಹಲಗೆಯ ಮೇಲೆ ಬರೆದು ಚರ್ಚಿಸಿ. ಸ್ವಿಚ್ಚಿನ ಸಣ್ಣ ಕಿಡಿಯೂ ಸಾಕು. ಸರಿಯಾದ ಕ್ರಮ: ಬೆಂಕಿ ಬೇಡ, ಯಾವ ಸ್ವಿಚ್ಚನ್ನೂ ಮುಟ್ಟುವುದು ಬೇಡ, ಸಾಧ್ಯವಿದ್ದರೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ, ಹೊರಗೆ ಬಂದ ಮೇಲೆ 1906ಕ್ಕೆ ಕರೆ.

ಹಂತ 2: ಅನಿಲ ಎಲ್ಲಿ ಸೇರುತ್ತದೆ? ಪಾತ್ರೆಯಲ್ಲಿ ಎತ್ತರ ಮತ್ತು ಗಿಡ್ಡ ಮೇಣದಬತ್ತಿ ಹಚ್ಚಿ, ತಳದ ಸೋಡಾಕ್ಕೆ ಶಿಕ್ಷಕರೇ ವಿನೆಗರ್ ಹಾಕಲಿ. ಗಿಡ್ಡದ್ದು ಮೊದಲು ಆರುತ್ತದೆ. ಇಂಗಾಲದ ಡೈಆಕ್ಸೈಡಿನ ಅಣುರಾಶಿ 44. ಪ್ರೊಪೇನಿನದೂ 44, ಬ್ಯುಟೇನಿನದು 58, ಗಾಳಿಯ ಸರಾಸರಿ ಸುಮಾರು 29. ಹೀಗಾಗಿ ಎಲ್‌ಪಿಜಿ ನೆಲಕ್ಕಿಳಿದು ಮೋರಿಯ ಮೂಲಕ ಪಕ್ಕದ ಮನೆಗೂ ಹೋಗಬಲ್ಲದು. ನೈಸರ್ಗಿಕ ಅನಿಲದ ಮುಖ್ಯ ಭಾಗವಾದ ಮೀಥೇನಿನ ಅಣುರಾಶಿ 16, ಅದು ಮೇಲಕ್ಕೇರುತ್ತದೆ.

ಹಂತ 3: ಸುಳಿವುಗಳು. ಪ್ರತಿ ಗುಂಪಿಗೆ ಒಂದು ಕಾರ್ಡ್ ಕೊಡಿ. ಮೋರಿಯ ಬಾಯಿಯಲ್ಲಿ ವಾಸನೆ ಹೆಚ್ಚು. ಗೋಬರ್ ಗ್ಯಾಸ್ ಘಟಕದ ಕಡೆಯಿಂದ ಗಾಳಿ ಬೀಸಿದಾಗ ಮಾತ್ರ ವಾಸನೆ. ಕಬ್ಬು ನುರಿಸುವ ಹಂಗಾಮಿನಲ್ಲಷ್ಟೇ ವಾಸನೆ. ಪ್ರತಿ ಊಹೆಗೂ "ಇದು ತಪ್ಪಾಗಿದ್ದರೆ ನಮಗೆ ಏನು ಕಾಣಬೇಕಿತ್ತು?" ಎಂದು ಕೇಳಿ.

ಇಲ್ಲಿ ಒಂದು ತೊಡಕು ಬರುತ್ತದೆ, ಅದನ್ನು ಮುಚ್ಚಬೇಡಿ. ಎಲ್‌ಪಿಜಿಗೆ ಸ್ವಂತ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಮೂಗಿಗೆ ಬರುವುದು ಬೆರೆಸಿದ ಈಥೈಲ್ ಮರ್ಕ್ಯಾಪ್ಟನ್. ಮೋರಿ ಮತ್ತು ಗೋಬರ್ ಗ್ಯಾಸಿನ ಕೊಳೆತ ಮೊಟ್ಟೆಯ ವಾಸನೆ ಹೈಡ್ರೋಜನ್ ಸಲ್ಫೈಡಿನದು. ಎರಡೂ ಗಂಧಕದ ಸಂಯುಕ್ತಗಳಾದ್ದರಿಂದ ಮೂಗು ಸುಲಭವಾಗಿ ಮೋಸಹೋಗುತ್ತದೆ. ಆದ್ದರಿಂದ ಬಲ್ಲವರು ಪರೀಕ್ಷಿಸುವವರೆಗೆ ಅದನ್ನು ಗ್ಯಾಸ್ ಸೋರಿಕೆ ಎಂದೇ ನಡೆದುಕೊಳ್ಳಬೇಕು. ಮೋರಿಯನ್ನು ಗ್ಯಾಸ್ ಎಂದುಕೊಂಡರೆ ನಷ್ಟ ಅರ್ಧ ಗಂಟೆ. ಗ್ಯಾಸನ್ನು ಮೋರಿ ಎಂದುಕೊಂಡರೆ ಪ್ರಾಣ.

ವಾಸನೆ ನಿಂತರೆ ಅಪಾಯ ಮುಗಿಯಿತೆಂದೂ ಅಲ್ಲ. ಊದಿನಕಡ್ಡಿಯ ವಾಸನೆ ಕೆಲ ನಿಮಿಷಗಳಲ್ಲಿ ಮಕ್ಕಳಿಗೆ ತಿಳಿಯದಾಗುವುದನ್ನು ಗಮನಿಸಲು ಹೇಳಿ: ಮೂಗು ಒಗ್ಗಿಹೋಗುತ್ತದೆ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದರೆ ವಾಸನೆ ಹಿಡಿಯುವ ಶಕ್ತಿಯೇ ಮರಗಟ್ಟುತ್ತದೆ.

ಹಂತ 4: ವಾಸನೆ ಏಕೆ ಬೆರೆಸುತ್ತಾರೆ? 1937ರ ಮಾರ್ಚ್ 18ರಂದು ಅಮೆರಿಕದ ಟೆಕ್ಸಾಸಿನ ನ್ಯೂ ಲಂಡನ್ ಶಾಲೆಯಲ್ಲಿ ವಾಸನೆಯಿಲ್ಲದ ನೈಸರ್ಗಿಕ ಅನಿಲ ಕಟ್ಟಡದ ಅಡಿಯಲ್ಲಿ ತುಂಬಿ ಸ್ಫೋಟಿಸಿತು. ಸುಮಾರು 300 ಮಕ್ಕಳು, ಶಿಕ್ಷಕರು ಸತ್ತರು. ಅನಿಲಕ್ಕೆ ವಾಸನೆ ಬೆರೆಸುವುದನ್ನು ಟೆಕ್ಸಾಸ್ ಕಡ್ಡಾಯ ಮಾಡಿದ್ದು ಅದರ ನಂತರ.

ಮೌಲ್ಯಮಾಪನ: "ವಿಸರಣೆ ಎಂದರೇನು?" ಎಂಬುದರ ಜೊತೆಗೆ ಹೀಗೆ ಕೇಳಿ: "ರಾತ್ರಿ ಗ್ಯಾಸ್ ವಾಸನೆಗೆ ಎಚ್ಚರವಾಯಿತು. ಅಜ್ಜಿ ಲೈಟ್ ಹಾಕಲು ಹೊರಟಿದ್ದಾರೆ. ಅವರನ್ನು ಹೇಗೆ ತಡೆಯುತ್ತೀ? ಕಾರಣ ಹೇಳು." ಕಾರಣಸಹಿತ ಉತ್ತರಕ್ಕೆ ಮಾತ್ರ ಪೂರ್ಣ ಅಂಕ.

ಪಾಠ ವೀಕ್ಷಿಸುವ ಉಪನ್ಯಾಸಕರು ಒಂದು ಅಂಶವನ್ನು ವಿಶೇಷವಾಗಿ ನೋಡಲಿ: ಹಂತ 1 ನಿಜವಾಗಿಯೂ ಮೊದಲು ಬಂದಿದೆಯೇ? ಪ್ರಯೋಗದ ಉತ್ಸಾಹದಲ್ಲಿ ಅದು ಕೊನೆಗೆ ಸರಿದರೆ, ವಾಸನೆಯ ಮೂಲ ಹುಡುಕುತ್ತ ಒಳಗೇ ನಿಲ್ಲುವುದನ್ನು ನಾವೇ ಕಲಿಸಿದಂತಾಗುತ್ತದೆ.